ಮಳೆಗಾಲದಲ್ಲಿ ಸೋಲುವ ಗಾಜಿನ ಕಡ್ಡಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪಠ್ಯ ಶುರುವಾಗುವುದೇ ವಿದ್ಯುದಾವೇಶಗಳ (ಎಲೆಕ್ಟ್ರಿಕ್ ಚಾರ್ಜ್‌ಗಳ) ಅಧ್ಯಾಯದಿಂದ. ಕಾಲೇಜುಗಳು ಜೂನ್ ತಿಂಗಳಲ್ಲಿ ಆರಂಭವಾಗುವುದರಿಂದ ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆಯ ಮಕ್ಕಳಿಗೆ ಈ ಪಾಠ ನಡೆಯುವುದು ಸರಿಯಾಗಿ ಮುಂಗಾರು ಹಿಡಿದುಕೊಳ್ಳುವ ಹೊತ್ತಿಗೆ. ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುವ, ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗುವ, ಚಪ್ಪಲಿಗೆ ಬೂಷ್ಟು ಹಿಡಿಯುವ ಆ ದಿನಗಳಲ್ಲಿ ಗಾಜಿನ ಕಡ್ಡಿಯನ್ನು ರೇಷ್ಮೆ ಬಟ್ಟೆಯಿಂದ ಉಜ್ಜಿ ಕಾಗದದ ಚೂರು ಎತ್ತಿ ತೋರಿಸಲು ಹೊರಡುವ ಉಪನ್ಯಾಸಕರ ಪಾಡು ಏನಾಗುತ್ತದೆಂಬುದು, ಅದೇ ಕೆಲಸ ಮಾಡಿ ನಿವೃತ್ತನಾದ ನನಗೆ ಚೆನ್ನಾಗಿ ಗೊತ್ತು.

ಈ ವರ್ಷ ಅದು ನೆನಪಾಗಲು ಕಾರಣ ನನ್ನ ಮೊಮ್ಮಗಳು. ಕಾಲೇಜಿನಿಂದ ಬಂದವಳು, "ಅಜ್ಜ, ನಮ್ಮ ಲೆಕ್ಚರರ್ ಉಜ್ಜಿ ಉಜ್ಜಿ ಸುಸ್ತಾದ್ರು, ಪೇಪರ್ ಚೂರು ಅಲ್ಲಾಡಲೇ ಇಲ್ಲ. ಕೊನೆಗೆ, ಎತ್ತಿಕೊಳ್ಳುತ್ತೆ ಅಂತ ಬರ್ಕೊಳ್ಳಿ ಅಂದ್ರು" ಎಂದು ನಕ್ಕಳು. ಆ ಉಪನ್ಯಾಸಕರನ್ನು ನಾನು ದೂರುವುದಿಲ್ಲ. ಬಯಲುಸೀಮೆಯ ಕಡೂರಿನಲ್ಲಿ ಪಾಠ ಮಾಡುತ್ತಿದ್ದಷ್ಟು ವರ್ಷ ಇದೊಂದು ತೊಂದರೆ ಎಂದೇ ನನಗೆ ಅನ್ನಿಸಿರಲಿಲ್ಲ. ಮೂಡಿಗೆರೆಗೆ ವರ್ಗವಾದ ಮೊದಲ ಜೂನ್‌ನಲ್ಲಿ, ಆವೇಶ ಇದೆಯೇ ಎಂದು ಹಾಳೆ ಬಿಚ್ಚಿ ತೋರಿಸುವ ವಿದ್ಯುದ್ದರ್ಶಕಕ್ಕೆ ಆವೇಶ ಕೊಟ್ಟಾಗ ಅದರ ಚಿನ್ನದ ಹಾಳೆಗಳು ಬಿಚ್ಚಿಕೊಂಡಂತೆ ಮಾಡಿ ಹತ್ತು ಎಣಿಸುವಷ್ಟರಲ್ಲಿ ಮುಚ್ಚಿಕೊಂಡಾಗ ಉಪಕರಣವೇ ಕೆಟ್ಟಿದೆಯೆಂದು ತಿಳಿದು ಅದನ್ನು ಬಿಚ್ಚಿ ನೋಡಿದವನು ನಾನು. ಉಪಕರಣಕ್ಕೆ ಏನೂ ಆಗಿರಲಿಲ್ಲ.

ಇಂಥ ಸಂದರ್ಭದಲ್ಲಿ ತರಗತಿಯಲ್ಲಿ ಹೇಳುವ ಸಿದ್ಧ ಉತ್ತರವೊಂದಿದೆ: "ಒದ್ದೆ ಗಾಳಿ ವಾಹಕ, ಆದ್ದರಿಂದ ಆವೇಶ ಗಾಳಿಗೆ ಹರಿದುಹೋಗುತ್ತದೆ." ನಾನೂ ಬಹಳ ಕಾಲ ಹಾಗೆಯೇ ಹೇಳಿದ್ದೇನೆ, ಆದರೆ ಅದು ಸರಿಯಲ್ಲ. ತೇವಾಂಶವಿರುವ ಗಾಳಿ ಒಣಗಾಳಿಗಿಂತ ಹೇಳಿಕೊಳ್ಳುವಷ್ಟು ಉತ್ತಮ ವಾಹಕವೇನೂ ಅಲ್ಲ. ನಿಜವಾದ ಸೋರಿಕೆ ಆಗುವುದು ಕಡ್ಡಿಯ ಮೈಮೇಲೆ. ಗಾಜು ನೀರಾವಿಯನ್ನು ಸುಲಭವಾಗಿ ಹಿಡಿದುಕೊಳ್ಳುವುದರಿಂದ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಅದರ ಮೇಲೆ ಕೂರುತ್ತದೆ; ಅದಕ್ಕೆ ಧೂಳು ಮತ್ತು ಬೆರಳಿನ ಬೆವರಿನ ಉಪ್ಪು ಬೆರೆತಾಗ ಅದೇ ಒಂದು ವಾಹಕವಾಗಿ, ಉಜ್ಜಿ ಕೂಡಿಸಿದ ಆವೇಶವನ್ನು ಕಡ್ಡಿಯುದ್ದಕ್ಕೂ ಸಾಗಿಸಿ ನಮ್ಮ ಕೈಯ ಮೂಲಕ ನೆಲಕ್ಕೆ ಮುಟ್ಟಿಸುತ್ತದೆ. ಹಿತ್ತಾಳೆಯ ಸರಳನ್ನು ಬರಿಗೈಯಲ್ಲಿ ಹಿಡಿದು ಉಜ್ಜಿದರೆ ಆವೇಶ ನಿಲ್ಲದಿರುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಸೋರಿಹೋಗುವ ಮೊತ್ತವಾದರೂ ಎಷ್ಟು? ಪಠ್ಯದ ಲೆಕ್ಕಗಳಲ್ಲಿ ಆವೇಶದ ಅಳತೆಯಾಗಿ ಒಂದು ಕೂಲಂಬ್ ಎಂಬ ಮಾತು ಸಲೀಸಾಗಿ ಬರುತ್ತದೆ, ಆದರೆ ಅಂಥ ಎರಡು ಆವೇಶಗಳನ್ನು ಒಂದು ಮೀಟರ್ ದೂರದಲ್ಲಿ ಇಟ್ಟರೆ ಅವುಗಳ ನಡುವಿನ ಬಲ 900 ಕೋಟಿ ನ್ಯೂಟನ್, ಎಂದರೆ ಒಂಬತ್ತು ಲಕ್ಷ ಟನ್ನಿಗೂ ಮೀರಿದ ತೂಕಕ್ಕೆ ಸಮ. ಉಜ್ಜಿದ ಕಡ್ಡಿಯಲ್ಲಿ ಸಾಮಾನ್ಯವಾಗಿ ಇರುವುದು ಕೂಲಂಬಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲು, ಹೆಚ್ಚೆಂದರೆ ಕೆಲವು ಹತ್ತು ಪಾಲು. ಅಂಥ ಒಂದು ಪಾಲಿಗೇ ಸುಮಾರು 624 ಕೋಟಿ ಎಲೆಕ್ಟ್ರಾನುಗಳು ಗಾಜಿನಿಂದ ರೇಷ್ಮೆಗೆ ದಾಟಿರಬೇಕು ಎಂಬುದು ಬೇರೆ ಮಾತು. ಇಷ್ಟು ಸಣ್ಣ ಗಂಟು ಖಾಲಿಯಾಗಲು ಸಣ್ಣ ತೂತು ಸಾಕು.

ಈ ತೊಂದರೆ ನಮ್ಮ ಮಲೆನಾಡಿಗೆ ಮಾತ್ರ ಬಂದದ್ದೂ ಅಲ್ಲ. 1785ರಲ್ಲಿ ತಿರುಚು ತಕ್ಕಡಿಯಿಂದ ಬಲವನ್ನು ಅಳೆದು, ದೂರ ಅರ್ಧವಾದರೆ ವಿಕರ್ಷಣೆ, ಎಂದರೆ ದೂಡುವ ಬಲ, ನಾಲ್ಕು ಪಟ್ಟಾಗುತ್ತದೆಂದು ತೋರಿಸಿದ ಫ್ರಾನ್ಸಿನ ವಿಜ್ಞಾನಿ ಕೂಲಂಬ್, ಒದ್ದೆ ಗಾಳಿಯಲ್ಲೂ ಆಧಾರದ ಕಂಬಗಳ ಮೂಲಕವೂ ಆವೇಶ ಎಷ್ಟೆಷ್ಟು ಕಳೆದುಹೋಗುತ್ತದೆ ಎಂಬುದಕ್ಕಾಗಿಯೇ ಪ್ರತ್ಯೇಕ ಪ್ರಬಂಧವೊಂದನ್ನು ಬರೆದ. ಆಧಾರಗಳಿಗೆ ಅವನು ಮೆಚ್ಚಿದ ವಸ್ತು ಅರಗು, ಲಕೋಟೆಗೆ ಮುದ್ರೆಯೊತ್ತುವ ಅದೇ ಅರಗು. ನಮ್ಮ ಪಠ್ಯದಲ್ಲಿ ಕೂಲಂಬನ ಸೂತ್ರ ಮಾತ್ರ ಉಳಿದಿದೆ, ಅವನ ಈ ಗೋಳು ಉಳಿದಿಲ್ಲ.

ಅದಕ್ಕಿಂತಲೂ ಮೊದಲು, 1729ರಲ್ಲಿ, ಇಂಗ್ಲೆಂಡಿನ ಸ್ಟೀಫನ್ ಗ್ರೇ ಉದ್ದನೆಯ ಸೆಣಬಿನ ದಾರವನ್ನು ರೇಷ್ಮೆಯ ಎಳೆಗಳಿಗೆ ತೂಗುಹಾಕಿ ಅದರ ಮೂಲಕ ವಿದ್ಯುತ್ತನ್ನು ಸಾಗಿಸಿದ್ದ. ಭಾರ ತಾಳದೆ ರೇಷ್ಮೆ ಹರಿದುಹೋಯಿತು. ಅದರ ಬದಲಿಗೆ ಸಪೂರವಾದ, ಆದರೆ ಗಟ್ಟಿಯಾದ ಹಿತ್ತಾಳೆ ತಂತಿ ಕಟ್ಟಿದಾಗ ಎಷ್ಟು ಉಜ್ಜಿದರೂ ದಾರದ ತುದಿಗೆ ಏನೂ ತಲುಪಲಿಲ್ಲ. ಆಧಾರದ ಎಳೆ ಎಷ್ಟು ಸಪೂರ ಎಂಬುದಲ್ಲ, ಯಾವ ವಸ್ತುವಿನದು ಎಂಬುದೇ ಮುಖ್ಯವೆಂದು ಆಗ ಹೊಳೆಯಿತು. ವಾಹಕ, ಅವಾಹಕ ಎಂದು ನಾವು ಇಂದು ಎರಡು ಅಂಕಣ ಎಳೆದು ಉರುಹೊಡೆಸುವ ಭೇದ ತಿಳಿದದ್ದು ಹೀಗೆ, ಕೈಕೊಟ್ಟ ಪ್ರಯೋಗವೊಂದರಿಂದ. ಆದ್ದರಿಂದ ಜೂನ್ ತಿಂಗಳಲ್ಲಿ ಕಡ್ಡಿ ಸೋತಾಗ "ಬರೆದುಕೊಳ್ಳಿ" ಎಂದು ಮುಂದಕ್ಕೆ ಹೋಗುವ ಬದಲು, ಯಾಕೆ ಸೋತಿತೆಂದು ಮಕ್ಕಳಿಂದಲೇ ಹೇಳಿಸಿದರೆ ವಾಹಕಗಳ ಪಾಠ ಅಲ್ಲಿಗೇ ಅರ್ಧ ಮುಗಿಯುತ್ತದೆ.

ಗೆಲ್ಲಿಸುವ ಉಪಾಯವೂ ಕಷ್ಟದ್ದಲ್ಲ. ಕಡ್ಡಿ, ಬಟ್ಟೆ, ವಿದ್ಯುದ್ದರ್ಶಕ ಮೂರನ್ನೂ ಮರದ ಪೆಟ್ಟಿಗೆಯಲ್ಲಿಟ್ಟು ಒಳಗೆ ಹಳೆಯ ಕಾಲದ ತಂತಿಯ ಬಲ್ಬೊಂದನ್ನು ರಾತ್ರಿಯಿಡೀ ಉರಿಸಿದರೆ ಸಾಕು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ, ಅದರಲ್ಲಿ ಅಷ್ಟು ಶಾಖವಿಲ್ಲ. ಗಾಜನ್ನೇ ಬಿಟ್ಟು, ನೀರು ಅಂಟದ ಪಿವಿಸಿ ಪೈಪಿನ ತುಂಡನ್ನು ಉಣ್ಣೆಯಿಂದ ಉಜ್ಜುವುದು ಇನ್ನೂ ಮೇಲು, ಮತ್ತು ಪಿವಿಸಿ ಪೈಪಿನ ತುಂಡು ಸಿಗದ ಕಾಫಿ ತೋಟ ನಮ್ಮ ಕಡೆ ಇರಲಾರದು. ಮೊಮ್ಮಗಳಿಗೆ ನಾನು ತೋರಿಸಿದ್ದು ಹೀಗೆಯೇ. ಮಳೆಗಾಲದ ಬಟ್ಟೆ ಒಣಗುವ ಬಚ್ಚಲ ಒಲೆಯ ಬಳಿ ಪೈಪನ್ನೂ ಹಳೆಯ ಸ್ವೆಟರನ್ನೂ ಅರ್ಧ ಗಂಟೆ ಬೆಚ್ಚಗಿಟ್ಟು ಉಜ್ಜಿದೆವು. ಕಾಗದದ ಚೂರುಗಳು ಜಿಗಿದು ಅಂಟಿಕೊಂಡವು. ಒಂದೆರಡು ಚೂರು ಕ್ಷಣಕಾಲ ಅಂಟಿದ್ದು ಮರುಕ್ಷಣ ಯಾರೋ ತಳ್ಳಿದಂತೆ ಸಿಡಿದು ಬಿದ್ದವು. ಆವೇಶವಿಲ್ಲದ ಕಾಗದವನ್ನು ಪೈಪು ಎಳೆದುಕೊಂಡದ್ದು ಏಕೆ, ಎಳೆದುಕೊಂಡದ್ದನ್ನು ಮತ್ತೆ ದೂಡಿದ್ದು ಏಕೆ ಎಂದು ಅವಳೇ ಕೇಳಿದಳು. ಪೈಪಿನ ಸಾಮೀಪ್ಯದಲ್ಲಿ ಕಾಗದದೊಳಗೆ ಸಮಸಮವಾಗಿರುವ ಧನ, ಋಣ ಆವೇಶಗಳು ತುಸು ಸರಿದು ವಿಜಾತೀಯವಾದದ್ದು ಹತ್ತಿರಕ್ಕೂ ಸಜಾತೀಯವಾದದ್ದು ದೂರಕ್ಕೂ ಆಗುವುದರಿಂದ ಆಕರ್ಷಣೆ ಗೆಲ್ಲುತ್ತದೆ, ಮುಟ್ಟಿದ ಮೇಲೆ ಪೈಪಿನದೇ ಆವೇಶ ಕಾಗದಕ್ಕೂ ಬಂದು ವಿಕರ್ಷಣೆ ಗೆಲ್ಲುತ್ತದೆ ಎಂದು ವಿವರಿಸಲು ಎರಡು ನಿಮಿಷವೂ ಬೇಕಾಗಲಿಲ್ಲ.

ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪಾಠದ ಕ್ರಮವನ್ನು ಬದಲಿಸುವುದು ಬೇಡ, ಅದು ರಾಜ್ಯಕ್ಕೆಲ್ಲ ಒಂದೇ ಇರಲಿ. ಆದರೆ ಮಲೆನಾಡಿನ ತಾಲ್ಲೂಕುಗಳ ಕಾಲೇಜುಗಳಲ್ಲಿ ಈ ಅಧ್ಯಾಯದ ಪ್ರಾತ್ಯಕ್ಷಿಕೆಯನ್ನು ಜನವರಿಯ ಒಣ ಚಳಿಯಲ್ಲಿ, ಪುನರಾವರ್ತನೆಯ ವಾರಗಳಲ್ಲಿ, ಇನ್ನೊಮ್ಮೆ ಮಾಡಲು ಎರಡು ಅವಧಿಗಳನ್ನು ವೇಳಾಪಟ್ಟಿಯಲ್ಲೇ ಸೇರಿಸಬೇಕು. ಪೈಪು, ಸ್ವೆಟರು ಹೇಗೂ ಮಕ್ಕಳ ಮನೆಯಲ್ಲೇ ಇರುತ್ತವೆ.

— ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಚಿಕ್ಕಮಗಳೂರು