ಬೆಟ್ಟದ ಹೊಣೆಯಲ್ಲಿ ಮಕ್ಕಳಿಗೂ ಪಾಲಿರಲಿ

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಬಾಗಲಕೋಟೆ, ವಿಜಯಪುರದ ಶಾಲೆಗಳ ಬಸ್ಸುಗಳು ಬಾದಾಮಿಯತ್ತ ಹೊರಡುತ್ತವೆ. ಮಕ್ಕಳಿಗೆ ಹಗ್ಗ ಕಟ್ಟಿ ಬಂಡೆ ಹತ್ತಿಸಿ, ಫೋಟೊ ತೆಗೆದರೆ ‘ಸಾಹಸ ಶಿಬಿರ’ ಮುಗಿಯಿತು. ಗಂಟು ಹಾಕಿದವರು, ದಾರಿ ಗೊತ್ತು ಮಾಡಿದವರು, ನೀರಿನ ಲೆಕ್ಕ ಹಾಕಿದವರು ಎಲ್ಲ ದೊಡ್ಡವರೇ. ಹದಿಮೂರು-ಹದಿನಾಲ್ಕರ ಮಕ್ಕಳು ಇದರಿಂದ ಬೆಳೆಯುವುದು ಹೇಗೆ?

ಸ್ಕೌಟ್ಸ್-ಗೈಡ್ಸ್‌ನಲ್ಲಿ 6ರಿಂದ 8 ಮಕ್ಕಳಿಗೆ ಒಂದು ತಂಡ, ಅವರಲ್ಲೇ ಒಬ್ಬರು ನಾಯಕರು. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲೇ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಹುಡುಗರನ್ನು ಹೀಗೆ ಸಣ್ಣ ತಂಡಗಳಾಗಿ ಹಂಚಿದ್ದರು. ಬಾದಾಮಿಯಿಂದ ಬೆಟ್ಟ ದಾಟಿ ಮಹಾಕೂಟಕ್ಕೆ ಹೋಗುವ ಕಾಲುದಾರಿ ಈ ಪದ್ಧತಿಗೆ ಹೇಳಿ ಮಾಡಿಸಿದಂತಿದೆ. ಒಬ್ಬರಿಗೆ ಸಮಯದ ಹೊಣೆ, ಒಬ್ಬರಿಗೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಒಬ್ಬರಿಗೆ ತಲೆ ಎಣಿಸುವ ಕೆಲಸ. ನಿಧಾನ ನಡೆಯುವವರು ಮುಂದಿರಬೇಕು. ಅವರನ್ನು ಹಿಂದೆ ಬಿಟ್ಟರೆ ಮುಂದಿನವರು ನಿಂತು ದಣಿವಾರಿಸಿಕೊಳ್ಳುತ್ತಾರೆ, ಇವರು ಬಂದು ಮುಟ್ಟುವಷ್ಟರಲ್ಲಿ ಮತ್ತೆ ಹೊರಟಿರುತ್ತಾರೆ. ಸುಸ್ತಾದವರಿಗೇ ವಿಶ್ರಾಂತಿ ಇಲ್ಲ. ಶಿಕ್ಷಕರು ಕೊನೆಯಲ್ಲಿರಲಿ.

ತಲೆಗೆ ಕನಿಷ್ಠ 2 ಲೀಟರ್ ನೀರು ಬೇಕು. ದಾರಿಯಲ್ಲಿ ಸಿಕ್ಕೀತೆಂದು ನಂಬಬಾರದು. ಬಂಡೆ ಕಾಯುವ ಮೊದಲೇ, ಬೆಳಿಗ್ಗೆ 6ಕ್ಕೆ ಹೊರಡಬೇಕು. ಬುತ್ತಿಗೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಸಾಕು, ಕೆಡುವುದಿಲ್ಲ. ಬೆನ್ನಿನ ಚೀಲ 40 ಕಿಲೋ ತೂಕದ ಮಗುವಿಗೆ 4 ಕಿಲೋ ಮೀರದಿದ್ದರೆ ಒಳ್ಳೆಯದು. ಹೊಸ ಬೂಟು ಮಾತ್ರ ಬೇಡ, ಅರ್ಧ ದಾರಿಗೇ ಬೊಬ್ಬೆ ಏಳುತ್ತದೆ.

ಬಂಡೆಗಳಲ್ಲಿ ಹೆಜ್ಜೇನಿನ ಹುಟ್ಟಿದ್ದರೆ ಕೂಗಾಟ, ಹೊಗೆ, ಸೆಂಟು ಮೂರೂ ಬೇಡ. ಜೇನು ಎದ್ದರೆ ಕೈ ಬೀಸಬಾರದು. ಮುಖ ಮುಚ್ಚಿಕೊಂಡು ದೂರ ಓಡಬೇಕು. ಇದನ್ನು ಶಾಲೆಯ ಅಂಗಳದಲ್ಲೇ ಮಾಡಿಸಿ ತೋರಿಸಬೇಕು, ಅಲ್ಲಿ ಹೋಗಿ ಹೇಳಲು ಹೊತ್ತಿರುವುದಿಲ್ಲ.

ಬಂಡೆ ಹತ್ತಿಸುವುದಾದರೆ ನುರಿತ ತರಬೇತುದಾರರೇ ಇರಬೇಕು. ಬಾದಾಮಿಯದು ಮರಳುಗಲ್ಲು. ಮಳೆಯಲ್ಲಿ ನೆನೆದರೆ ಬಲ ಕಳೆದುಕೊಳ್ಳುತ್ತದೆ, ಹಿಡಿದ ಅಂಚು ಕೈಗೇ ಕಿತ್ತು ಬರಬಹುದು. ಪೂರ್ತಿ ಒಣಗುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ಹಗ್ಗವನ್ನು ಸೊಂಟದ ಪಟ್ಟಿಗೆ ಕಟ್ಟುವ, 8ರ ಆಕಾರದ ‘ಎಂಟರ ಗಂಟ’ನ್ನು ಮಗುವೇ ಹಾಕಲಿ: ಎಳೆಗಳು ಒಂದರ ಮೇಲೊಂದು ಹಾಯದೆ ಜೋಡಿಯಾಗಿ ಕೂರಬೇಕು, ತುದಿ ಒಂದು ಗೇಣಾದರೂ ಉಳಿಯಬೇಕು. ಮೊದಲು ಜೊತೆಗಾರ ಮುಟ್ಟಿ ನೋಡಲಿ, ಆಮೇಲೆ ತರಬೇತುದಾರರು. ಈ ಕ್ರಮ ತಿರುವುಮುರುವಾದರೆ ‘ಸರ್ ನೋಡ್ಯಾರಲ್ಲ’ ಎಂದು ಮಗು ಕಣ್ಣು ಹಾಯಿಸುವುದೇ ಇಲ್ಲ. ಗೆಳೆಯನ ಜೀವ ತನ್ನ ಬೆರಳ ತುದಿಯಲ್ಲಿದೆ ಎಂಬ ಅರಿವು ಬಂಡೆ ಹತ್ತಿದ್ದಕ್ಕಿಂತ ದೊಡ್ಡದು.

ಹೆದರಿದ ಮಗುವನ್ನು ಚಪ್ಪಾಳೆ ತಟ್ಟಿ ಮೇಲಕ್ಕೆ ದಬ್ಬುವುದು ತಪ್ಪು. ಎಲ್ಲಿಯವರೆಗೆ ಹೋಗುತ್ತೇನೆಂದು ಅದೇ ಹೇಳಲಿ. ಅಲ್ಲಿಂದ ಇಳಿದರೆ ಸೋಲಲ್ಲ.

ಶಾಲೆಗಳು ಪ್ರವಾಸದ ಹಣ ಕಟ್ಟಿಸಿಕೊಳ್ಳುವ ದಿನವೇ ತಂಡಗಳನ್ನೂ ನಾಯಕರನ್ನೂ ಗೊತ್ತು ಮಾಡಿ, ಗಂಟು, ನೀರು, ದಾರಿಯ ಅಭ್ಯಾಸಕ್ಕೆ ನಾಲ್ಕು ಶನಿವಾರ ಬಿಟ್ಟುಕೊಡಲಿ. ಪಾಲಕರೂ ಹಣ ಕಟ್ಟುವ ಮುನ್ನ ಇದನ್ನು ಕೇಳಲಿ.

— ಸ್ಕೌಟ್ ಶಿಕ್ಷಕರು, ಬಾಗಲಕೋಟೆ