ರೈಟರ್ ಮಗಳ ಕಾಗದ

ನವನಗರ, ಬಾಗಲಕೋಟೆ
ಹೋಳಿ ಮುಗಿದ ವಾರ

ಪ್ರೀತಿಯ ಪುಟ್ಟಿ,

ವಾಟ್ಸಾಪಿನಲ್ಲಿ ಮೂರು ಸಲ ಬರೆದು ಅಳಿಸಿದೆ. ನಾನು ಟೈಪ್ ಮಾಡ್ತಿರುವುದು ನಿನಗೆ ಅಲ್ಲಿ ಕಾಣಿಸುತ್ತಲ್ಲ, ಅದನ್ನು ನೋಡಿ ನೀನು ಕಾಯ್ತಾ ಇರಬಹುದು ಅಂತ ಹೊಳೆದದ್ದೇ ಫೋನ್ ಮಗುಚಿಟ್ಟೆ. ಅದಕ್ಕೇ ಕಾಗದ. ಕಾಫಿಪುಡಿ ಪಾರ್ಸಲ್ಲಿನೊಳಗೆ ಇಡ್ತಿದ್ದೇನೆ. ಮೊದಲು ಪುಡಿ ಡಬ್ಬಿಗೆ ಸುರಿದು ಮುಚ್ಚಳ ಹಾಕು, ಆಮೇಲೆ ಓದು. ಗಾಳಿಗೆ ಬಿಟ್ಟರೆ ಘಮ ಹೋಗುತ್ತದೆ.

ಆ ದಿನ ಏನಾಯ್ತು ಅಂತ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಹೊರಗೆ ಹಲಗೆ ಸದ್ದು ಜೋರಿತ್ತು, ಅದಕ್ಕೆ ಗಟ್ಟಿಯಾಗಿ ಮಾತಾಡಬೇಕಾಯ್ತು ಅಂತ ನಿಮ್ಮಪ್ಪನ ಹತ್ತಿರ ಹೇಳಿಕೊಂಡೆ. "ಹಲಗಿ ನಿಂತ್ರೂ ನೀ ಒದರೂದು ನಿಂದರಲಿಲ್ಲ" ಅಂದರು.

ನೀನು ಬಸ್ಸಿಗೆ ಹೋದ ಮೇಲೆ ನಿನ್ನ ಲೋಟ ಹಾಗೇ ಇತ್ತು. ಎರಡು ಗುಟುಕು ಕುಡಿದಿದ್ದೆ ಅಷ್ಟೇ. ಕೆನೆ ಕಟ್ಟಿತ್ತು. ಕೆನೆಯ ಮೇಲೆ ಗುಲಾಬಿ ಬಣ್ಣದ ಒಂದು ಚುಕ್ಕಿ. ನಿನ್ನ ಕೂದಲಿನಿಂದ ಉದುರಿದ್ದಿರಬೇಕು. ರಾತ್ರಿ ಸಿಂಕಿನಲ್ಲಿ ಒಂದು ಚಮಚವನ್ನೂ ಬಿಡದವಳು ನಾನು. ಅದನ್ನು ಮಾತ್ರ ಬೆಳಗಿನವರೆಗೆ ತೊಳೆಯಲಿಲ್ಲ.

ಈಗ ಅಜ್ಜಿಯ ವಿಷಯ ಹೇಳಬೇಕು. "ಅಮ್ಮಾ, ಮತ್ತೆ ಅದೇ ಕಥೆಯಾ" ಅನ್ನಬೇಡ. ಅರ್ಧ ನಿನಗೆ ಗೊತ್ತು. ಇನ್ನರ್ಧ ನಾನು ಯಾರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ.

ನಾನು ಈ ಊರಿಗೆ ಬಂದದ್ದು 1992ರಲ್ಲಿ. ಆಗಿನ್ನೂ ಬಾಗಲಕೋಟೆ ಜಿಲ್ಲೆಯಾಗಿರಲಿಲ್ಲ, ಬಿಜಾಪುರ ಜಿಲ್ಲೆಯೊಳಗಿತ್ತು. ಕೊಪ್ಪದ ಹುಡುಗಿಗೂ ಬಾಗಲಕೋಟೆ ಹುಡುಗನಿಗೂ ಮದುವೆ ಹೇಗೆ ಕೂಡಿಬಂತು ಅನ್ನುವುದು ನಿನಗೆ ಬಾಯಿಪಾಠ, ಬಿಡು. ಬಿಸಿಲಿಗೆ ಹೊಂದಿಕೊಂಡೆ, ಖಾರಕ್ಕೂ ಹೊಂದಿಕೊಂಡೆ. ಚಹಾಕ್ಕೆ ಮಾತ್ರ ಆಗಲಿಲ್ಲ. ಎದ್ದರೆ ಚಹಾ, ಯಾರಾದರೂ ಬಂದರೆ ಚಹಾ, ಬಂದವರು ಹೊರಟು ಚಪ್ಪಲಿ ಮೆಟ್ಟುವಾಗ ಇನ್ನೊಂದು ಸಲ ಚಹಾ. ನಮ್ಮ ಓಣಿಯ ಅಂಗಡಿಯಲ್ಲಿ ಕಾಫಿ ಅಂದರೆ ಇನ್‌ಸ್ಟಂಟ್ ಪುಡಿಯ ಸಣ್ಣ ಪೊಟ್ಟಣ. ನನ್ನ ಟ್ರಂಕಿನಲ್ಲಿ ಹಿತ್ತಾಳೆ ಫಿಲ್ಟರ್ ಇತ್ತು. ಪುಡಿ ತವರಿನಿಂದ ಬಸ್ಸಿನಲ್ಲಿ ಬರುತ್ತಿತ್ತು. ತರುವ ಕಂಡಕ್ಟರ್ ಡಬ್ಬಿ ಕೊಡುವಾಗ "ಇಡೀ ಬಸ್ಸೆಲ್ಲಾ ಘಮಾ ಘಮಾ ರೀ" ಅನ್ನುತ್ತಿದ್ದ.

ಅದೇ ಪುಡಿ, ಅದೇ ಫಿಲ್ಟರ್. ಆದರೂ ಇಲ್ಲಿ ಮಾಡಿದರೆ ರುಚಿಯೇ ಬೇರೆ. ನಮ್ಮ ಕಡೆ ತೆಳ್ಳಗಿನ ಹಸುವಿನ ಹಾಲು, ಇಲ್ಲಿ ಗಟ್ಟಿ ಎಮ್ಮೆ ಹಾಲು. ಮನೆಯ ಬೋರಿನ ನೀರು ಬೇರೆ ಸವಳು. ಡಿಕಾಕ್ಷನ್ ಒಂದು ಪಾಲು ಜಾಸ್ತಿ ಹಾಕಿ, ಕುಡಿಯುವ ನೀರಿನಲ್ಲೇ ಇಳಿಸಿ, ಅಂತೂ ದಾರಿಗೆ ತರುವ ಹೊತ್ತಿಗೆ ಎರಡು ತಿಂಗಳು ಹೋಯಿತು.

ಅಜ್ಜಿ ಸಂಜೆ ನಾಲ್ಕಕ್ಕೆ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಒಂದು ದಿನ ಮೊರ ಪಕ್ಕಕ್ಕಿಟ್ಟು ಅಡುಗೆಮನೆಗೆ ಬಂದರು. ಏನೂ ಕೇಳಲಿಲ್ಲ, ತಮ್ಮ ಬಟ್ಟಲು ಮುಂದೆ ಇಟ್ಟರು ಅಷ್ಟೇ. ಕುಡಿದು ಮುಖ ಕಿವುಚಿ, "ಕಹಿ ಐತಿ. ವಾಸನಿ ಚಲೋ ಐತಿ" ಅಂದರು. ಮರುದಿನ ಮತ್ತೆ ಅದೇ ಬಟ್ಟಲು.

ರೈಟರ್ ಕಥೆ ನಿನಗೆ ಗೊತ್ತಿರುವುದೇ. ನಿನ್ನ ಕೊಪ್ಪದ ತಾತ ಕಾಫಿ ಎಸ್ಟೇಟಿನಲ್ಲಿ ರೈಟರ್. ನಮ್ಮ ಕಡೆ ರೈಟರ್ ಅಂದರೆ ಆಳುಗಳ ಹಾಜರಿ, ಹಣ್ಣಿನ ತೂಕ, ವಾರದ ಬಟವಾಡೆ ಬರೆಯುವವರು. ಇಲ್ಲಿ ಅದು ಯಾರಿಗೆ ಗೊತ್ತು? "ನಮ್ಮ ಬೀಗರು ಪುಸ್ತಕ ಬರೀತಾರ" ಅಂತ ಅಜ್ಜಿ ಇಡೀ ಓಣಿಗೆ ಹೇಳಿಕೊಂಡು ಬಂದಿದ್ದರು. ನಾವೆಲ್ಲ ನಕ್ಕದ್ದು ಇಷ್ಟಕ್ಕೇ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ. ಒಂದು ಸಂಜೆ ಕಾಫಿ ಕುಡಿಯುತ್ತಾ ಅಜ್ಜಿ, "ನಿಮ್ಮಪ್ಪ ಬರದದ್ದು ಒಂದೀಟು ಓದಿ ಹೇಳವಾ" ಅಂದರು. ಅವರಿಗೆ ಓದು ಬರುತ್ತಿರಲಿಲ್ಲ. ನನ್ನ ಕೈಯಲ್ಲಿ ಗ್ರಂಥಾಲಯದಿಂದ ತಂದ ಕಾದಂಬರಿ ಇತ್ತು. ಹಾಗಲ್ಲ ಅತ್ತೆ, ಹೀಗೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಅಂದರೆ ಆ ಮನೆಯಲ್ಲಿ ನನಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಮಾತಾಡಿದರೆ ಚಿಕ್ಕ ಹುಡುಗರೂ ನಗುತ್ತಿದ್ದರು. ರೈಟರ್ ಮಗಳು ಅನ್ನುವುದೊಂದೇ ನನ್ನ ಮರ್ಯಾದೆ. "ಇದು ಅಪ್ಪಂದೇ" ಅಂದುಬಿಟ್ಟೆ.

ಎರಡು ವರ್ಷ ಓದಿದೆ, ಪುಟ್ಟಿ. ಹನ್ನೊಂದು ಕಾದಂಬರಿ. ಎಲ್ಲವೂ ಅಪ್ಪಂದೇ! ಅಜ್ಜಿ ಒಂದು ಕೈಯಲ್ಲಿ ಬಟ್ಟಲು ಹಿಡಿದು ಇನ್ನೊಂದು ಕೈಯಲ್ಲಿ ಜೋಳದ ಹರಳು ಹೆಕ್ಕುತ್ತಾ ಕೇಳುತ್ತಿದ್ದರು. ನಡುನಡುವೆ, "ಹೆಣ್ಣಮಕ್ಕಳ ಸಂಕಟಾ ನಿಮ್ಮಪ್ಪ ಹೆಂಗ ತಿಳಕೊಂಡಾರ ನೋಡು" ಅನ್ನುವರು. ಒಂದರಲ್ಲಿ ಕೊನೆಗೆ ಹುಡುಗಿ ಸತ್ತಳು. ಅಜ್ಜಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಬೀಗರಿಗೆ ಕಾಗದಾ ಬರಿ. ಆ ಹುಡುಗೀನ ಯಾಕ ಸಾಯಿಸಿದ್ರಂತ ಕೇಳು" ಅಂದರು. ಬರೆದೆ ಅಂದೆ. ಉತ್ತರ ಬಂತಾ ಅಂತ ವಾರಗಟ್ಟಲೆ ಕೇಳಿದರು.

ಆಮೇಲೆ ನೀನು ಹೊಟ್ಟೆಗೆ ಬಂದೆ. ಕುಬಸಕ್ಕೆ ಅಪ್ಪ ಅಮ್ಮ ಕೊಪ್ಪದಿಂದ ಹೊರಟರು. ನನಗೆ ಮೂರು ರಾತ್ರಿ ನಿದ್ದೆಯಿಲ್ಲ. ಅಪ್ಪನನ್ನು ಕೂರಿಸಿಕೊಂಡು ಅಜ್ಜಿ ಹನ್ನೊಂದು ಕಾದಂಬರಿಯ ಲೆಕ್ಕ ಕೇಳಿದರೆ? ನಾಲ್ಕನೇ ದಿನ ಕಾಫಿ ಹೊತ್ತಿಗೆ ಬಾಯಿಬಿಟ್ಟೆ. ಬಿಸಿನೀರು ಹೊಯ್ದು ಆಗಿತ್ತು. ಫಿಲ್ಟರಿನಲ್ಲಿ ತೊಟ್ಟು ತೊಟ್ಟು ಇಳಿಯುವುದು ಕೇಳಿಸುತ್ತಿತ್ತು. ನಾನು ಎಲ್ಲ ಹೇಳಿ ಮುಗಿಸಿದೆ, ಅದಿನ್ನೂ ಇಳಿಯುತ್ತಲೇ ಇತ್ತು. ಅಜ್ಜಿ ಮೊರದಿಂದ ಕಣ್ಣೆತ್ತಲಿಲ್ಲ. ಒಂದು ಹರಳು ತೆಗೆದು ಅಂಗಳಕ್ಕೆ ಎಸೆದರು. "ಗೊತ್ತೈತಿ" ಅಂದರು.

ಆಮೇಲೆ ಪುಸ್ತಕ ಎತ್ತಿ, ಅದರ ಬೆನ್ನು ತಿರುಗಿಸಿ, ಅಲ್ಲಿದ್ದ ಫೋಟೋ ತೋರಿಸಿದರು. "ನಾ ಓದಾಕ ಬರದಾಕಿ, ಕುರುಡಿ ಅಲ್ಲ. ನಿಮ್ಮಪ್ಪ ಸೀರಿ ಉಡ್ತಾರೇನು?"

ಮೊದಲ ಪುಸ್ತಕದಿಂದಲೇ ಗೊತ್ತಿತ್ತೋ, ಯಾವಾಗ ಗೊತ್ತಾಯಿತೋ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬಟ್ಟಲು ಮುಂದೆ ನೂಕಿ, "ಅರ್ಧ ಹಾಕು. ಮುಂದ ಓದು" ಅಂದರು.

ಕುಬಸದ ದಿನ ಅಪ್ಪನಿಗೆ ಎಲ್ಲರೆದುರು, "ನಿಮ್ಮ ಪುಸ್ತಕ ಭಾಳ ಚಲೋ ಅದಾವ್ರಿ" ಅಂದರು. ನನ್ನ ಕಡೆ ನೋಡಲೇ ಇಲ್ಲ. ಪಾಪ ಅಪ್ಪ, ಹಾಜರಿ ಪುಸ್ತಕ ಅಂದುಕೊಂಡರು. "ಏನೋ, ಲೆಕ್ಕ ತಪ್ಪದ ಹಾಗೆ ಬರೀತೀನಿ" ಅಂದರು.

ನೋಡು, ಒಂದು ಪುಟದಲ್ಲಿ ಮುಗಿಸಬೇಕು ಅಂತ ಕೂತವಳು ಎಲ್ಲಿಗೆ ಬಂದೆ. ಕೆಲಸ ಬಿಟ್ಟದ್ದನ್ನು ನೀನು ಮೂರು ತಿಂಗಳು ಮುಚ್ಚಿಟ್ಟೆ ಅಂತ ನಾನು ಕೂಗಾಡಿದೆ. ನಾನು ಎರಡು ವರ್ಷ ಮುಚ್ಚಿಟ್ಟಿದ್ದೆ. ನೀನೂ ನಾಲ್ಕು ಗಂಟೆಗೇ ಹೇಳಿದೆ, ಕಾಫಿ ಮುಂದಿಟ್ಟುಕೊಂಡೇ ಹೇಳಿದೆ. ಅದೇ ನನಗೆ ತಡೆಯಲು ಆಗುತ್ತಿಲ್ಲ. ಇನ್ನು ಮುಂದೆ ನೀನು ಆ ಹೊತ್ತಿಗೆ ಬರೀ ಹವಾಮಾನ ಮಾತಾಡುತ್ತೀಯ ಅಂತ ಹೆದರಿಕೆ. "ಊಟ ಆಯ್ತಾ, ಆಯ್ತು" ಅಷ್ಟರಲ್ಲೇ ಫೋನ್ ಇಡುತ್ತೀಯ ಅಂತ.

ಮುಚ್ಚಿಟ್ಟದ್ದು ಸರಿ ಅಂತ ಹೇಳುತ್ತಿಲ್ಲ ಮತ್ತೆ. ಬೆಳಿಗ್ಗೆ ಎದ್ದು "ಆಫೀಸಿಗೆ ಹೊರಟೆ ಅಮ್ಮ" ಅಂತ ಫೋನ್ ಮಾಡ್ತಿದ್ದೆಯಲ್ಲ, ಅದಂತೂ ತಪ್ಪೇ.

ಇನ್ನೊಂದು ಮಾತು ಅಂದೆನಲ್ಲ, "ಕಾಫಿ ಮಾರೋಕೆ ಇಷ್ಟು ಓದಿಸಿದ್ದಾ" ಅಂತ. ಅದು ನನ್ನ ಬಾಯಲ್ಲಿ ಬರಬಾರದಿತ್ತು. ಆದರೆ ಕಾಫಿ ನಂಬಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲು ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಗೇ ಕೊಡಬೇಕಿತ್ತು. ತೊಂಬತ್ತರ ದಶಕದಲ್ಲಿ ಬೆಳೆಗಾರರೇ ಮಾರಬಹುದು ಅಂತಾಯ್ತು, ಬೆಲೆಯೂ ಏರಿತು, ಎಲ್ಲರ ಮನೆಯಲ್ಲೂ ಹಬ್ಬ. 2001ರ ಹೊತ್ತಿಗೆ ಬಿತ್ತು ನೋಡು, ಕೊಯ್ಯುವ ಕೂಲಿಯೂ ಹುಟ್ಟದ ಹಾಗೆ. ಅಪ್ಪನಿಗೆ ಎಂಟು ತಿಂಗಳು ಸಂಬಳವಿಲ್ಲ. ಬಟವಾಡೆ ದಿನ ಆಳುಗಳಿಗೆ ಮುಖ ತೋರಿಸಬೇಕಾದವರು ಅವರು. ಗಿಡ ಹೂ ಬಿಡಿಸುವ ಹೂಮಳೆ ಸರಿಯಾದ ಹೊತ್ತಿಗೆ ಬರದಿದ್ದರೂ ಅಷ್ಟೇ, ಇಡೀ ವರ್ಷ ಹೋಯಿತು. ಈಗಲೂ ಮಾರ್ಚ್ ಬಂದರೆ ನಾನು ಕೊಪ್ಪದಲ್ಲಿ ಮಳೆಯಾಯ್ತಾ ಅಂತ ಫೋನ್ ಮಾಡಿ ಕೇಳುವುದನ್ನು ನೀನು ತಮಾಷೆ ಮಾಡುತ್ತೀಯ. ನಮ್ಮದು ಒಂದು ಗಿಡವೂ ಇಲ್ಲ, ನಿಜ.

ಅದೇ ಆಚೀಚೆ ಇಲ್ಲಿ ಮನೆ ಮುಳುಗಡೆಗೆ ಹೋಯಿತು. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಅಜ್ಜಿ ಆಗ ಹೊಸ ಸೊಸೆ. ಮುಳುಗುತ್ತೆ, ಮುಳುಗುತ್ತೆ ಅಂತ ಕೇಳುತ್ತಲೇ ಮಕ್ಕಳನ್ನು ಹೆತ್ತು, ಮದುವೆ ಮಾಡಿ, ಮೊಮ್ಮಗಳನ್ನೂ ಎತ್ತಿದರು. ನವನಗರಕ್ಕೆ ಬರುವಾಗ ಫಿಲ್ಟರ್ ನನ್ನ ಮಡಿಲಲ್ಲಿತ್ತು, ನೀನು ಅದಕ್ಕೇ ವಾಂತಿ ಮಾಡಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಿಮ್ಮಪ್ಪ ಹೋಗಿ ಅಡಿಪಾಯ ನೋಡಿ ಬರುತ್ತಾರೆ. ನಾನು ಹೋಗುವುದಿಲ್ಲ.

ನೀನು ನೋಟ್‌ಬುಕ್ ಮರೆತು ಹೋಗಿದ್ದೀಯ. ತೆರೆದು ನೋಡಿದೆ. ಬೈಯಬೇಡ. ಧಾರವಾಡದ ಅಂಗಡಿ, ಪುಸ್ತಕದ ಕಪಾಟು, ಹನ್ನೆರಡು ಕುರ್ಚಿ, ಎಲ್ಲ ಗೆರೆ ಎಳೆದು ಬರೆದಿದ್ದೀಯ. ತಾತನ ಹಾಜರಿ ಪುಸ್ತಕದ ಗೆರೆಗಳೂ ಹೀಗೇ ಇದ್ದವು, ಸ್ಕೇಲ್ ಇಟ್ಟ ಹಾಗೆ. ನನಗೆ ಎಷ್ಟು ಖುಷಿಯಾಯ್ತು ಅಂದರೆ ಪಕ್ಕದ ಮನೆಯವರಿಗೂ ತೋರಿಸಿದೆ. ಕೆಲಸ ಬಿಟ್ಟದ್ದು ಹೇಳಲಿಲ್ಲ.

ಆದರೆ ಹಾಲಿನ ಲೆಕ್ಕ ತಪ್ಪಿದೆ. 1 ಲೀಟರಿಗೆ 15 ಕಾಫಿ ಆಗುವುದಿಲ್ಲ. ನಮ್ಮ ಲೋಟಕ್ಕೆ 100 ಎಂಎಲ್ ಹಾಲು ಬೇಕು, ಅಲ್ಲಿಗೆ 10. ಚೆಲ್ಲಿದ್ದು ಉಕ್ಕಿದ್ದು ಹೋಗಲಿ, 9 ಅಂತ ಹಿಡಿ. ಚಿಕೋರಿ ನೂರಕ್ಕೆ 15ರ ಮೇಲೆ ಹೋಗಬೇಡ. ಅದು ಬರೀ ಹುರಿದ ಬೇರು, ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಕಾಣಿಸುತ್ತದೆ ಅಷ್ಟೇ, ಕುಡಿಯುವವರಿಗೆ ಗೊತ್ತಾಗುತ್ತದೆ. ಪುಡಿ ತೀರಾ ನುಣ್ಣಗಾದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಪಿನ್ನಿನಿಂದ ಚುಚ್ಚಬೇಡ, ತೂತು ದೊಡ್ಡದಾಗುತ್ತದೆ. ಉರಿಯ ಮೇಲೆ ಹಿಡಿದು ಒಳಗಿನ ಪುಡಿ ಸುಟ್ಟು ಕೊಡವು. ಚಹಾನೂ ಇಡು. ಆ ಕಡೆ ಚಹಾ ಇಲ್ಲದೆ ಅಂಗಡಿ ನಡೆಯುವುದಿಲ್ಲ, ಅಭಿಮಾನ ಮಾಡಬೇಡ. ಪುಸ್ತಕ ಮನೆಗೆ ಒಯ್ದವರ ಹೆಸರು ಬರೆದಿಟ್ಟುಕೋ. ಅರ್ಧ ಕಪ್ ಕುಡಿದು ಎರಡು ಗಂಟೆ ಮಾತಾಡುವವರು ಬರುತ್ತಾರೆ, ಅಂಥವರಿಗೇ ತಾನೇ ನೀನು ಅಂಗಡಿ ಇಡುವುದು. ಆದರೆ ಮಾತಿಗೆ ಬಿಲ್ ಹಾಕೋಕಾಗಲ್ಲ, ಬಾಡಿಗೆ ಮಾತ್ರ ತಿಂಗಳು ತಿಂಗಳು ಕೊಡಬೇಕು. ಪಿಎಫ್ ಹಣ ಮುಟ್ಟಬೇಡ. ರಾತ್ರಿ ಹೊತ್ತು ಮೀರಿ ಕಾಫಿ ಕುಡಿಯಬೇಡ, ನಿನಗೆ ನಿದ್ದೆ ಬರುವುದಿಲ್ಲ. ಉಪದೇಶ ಮಾಡಬಾರದು ಅಂತಲೇ ಕೂತಿದ್ದೆ. ಆಗಲಿಲ್ಲ.

ಅತ್ತೆ ಆ ದಿನ ಒಂದೇ ಒಂದು ಮಾತು ಜಾಸ್ತಿ ಆಡಿದ್ದರೂ ನಾನು ಕುಬಸ ಮುಗಿಸಿ ತವರಿಗೆ ಹೋದವಳು ವಾಪಸ್ ಬರುತ್ತಿದ್ದೆನೋ ಇಲ್ಲವೋ. ಇದನ್ನೂ ನಿಮ್ಮಪ್ಪನಿಗೆ ಹೇಳಿಲ್ಲ. ನೀನೂ ಹೇಳಬೇಡ.

ನೋಟ್‌ಬುಕ್ ಪಾರ್ಸಲ್ಲಿನಲ್ಲಿ ಪುಡಿಯ ಕೆಳಗಿದೆ. ಹಾಲಿನ ಲೆಕ್ಕ ಪೆನ್ಸಿಲ್ಲಿನಲ್ಲಿ ತಿದ್ದಿದ್ದೇನೆ, ಬೇಡದಿದ್ದರೆ ಅಳಿಸು. ನಿಮ್ಮಪ್ಪನೂ ಕನ್ನಡಕ ಹಾಕಿಕೊಂಡು ಎಲ್ಲ ಪುಟ ತಿರುವಿದರು. "ಬಾಡಗಿ ಬರದಾಳ, ಡಿಪಾಸಿಟ್ ಎಷ್ಟಂತ ಬರದೇ ಇಲ್ಲಲ್ಲ" ಅಂದರು. ಎಷ್ಟು ಕೇಳುತ್ತಿದ್ದಾರೆ?

ಅಮ್ಮ