ಬಳೆ ಅಡವಿಡುವುದು ಬೇಡ ಅಪ್ಪ

ಮ್ಯೂನಿಕ್, ಭಾನುವಾರ

ಅಪ್ಪನಿಗೆ ನಮಸ್ಕಾರ.

ನಾನಿಲ್ಲಿ ಆರಾಮ. ಅಮ್ಮನ ಕಾಗದ ಸಿಕ್ಕಿತು. ಫೋನಿನಲ್ಲಿ ಹೇಳಹೊರಟರೆ ನೀವು ಅರ್ಧಕ್ಕೇ "ಆಯ್ತು ಮಾರಾಯ" ಅಂತ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ವಿದ್ಯಾಳನ್ನು ನೋಡಲು ವಿಟ್ಲದವರು ಬರುತ್ತಾರೆಂದು ಎದುರಿನ ಬಾಗಿಲು, ಮನೆಯ ಎಲ್ಲ ಕಿಟಕಿ ಹೊಸತು ಮಾಡಿಸುತ್ತೀರಂತೆ. ಅದಕ್ಕೆ ಅಮ್ಮನ ಬಳೆ ಅಡವಿಡುವುದಂತೆ. ದಯವಿಟ್ಟು ಬೇಡ. ಕೊಳೆರೋಗದಲ್ಲಿ ಅಡಿಕೆ ಹೋದ ವರ್ಷವೇ ಸಾಲ ಮಾಡಬೇಕಾ? ಬಾಗಿಲು ನೋಡಿ ಹುಡುಗಿಯನ್ನು ಒಪ್ಪುವವರಾದರೆ ಅಂಥ ಮನೆಗೆ ಅವಳನ್ನು ಕೊಡುವುದೇ ಬೇಡ.

ಅಮ್ಮ ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಅಜ್ಜ ಮಾಡಿಸಿದ ಹಲಸಿನ ಬಾಗಿಲಿಗೆ ಏನೂ ಆಗಿಲ್ಲ. ಗೆದ್ದಲು ತಿಂದದ್ದು ದಾರಂದದ ಬುಡ, ಅದೂ ಎಡಗಡೆ ಮಾತ್ರ. ಬಾಬು ಆಚಾರಿ ಚೂರಿ ಚುಚ್ಚಿ ನೋಡಲಿ. ಮೆತ್ತಗಾದಷ್ಟನ್ನು ಕೊಯ್ದು ತೆಗೆದು, ಚೆನ್ನಾಗಿ ಒಣಗಿದ ಹೆಬ್ಬಲಸಿನ ತುಂಡು ಜೋಡಿಸಿದರೆ ಸಾಕು. ಆದರೆ ಮೊದಲು ನೆಲಕ್ಕೂ ಗೋಡೆಯ ಬುಡಕ್ಕೂ ಮದ್ದು ಹಾಕಿಸಿ. ಗೆದ್ದಲು ಬರುವುದು ಮಣ್ಣಿನಿಂದ. ಮದ್ದು ಹಾಕದೆ ಹೊಸ ಮರ ಇಟ್ಟರೆ ಸುಮ್ನೆ ಅದಕ್ಕೆ ಊಟ ಬಡಿಸಿದ ಹಾಗೆ.

ಅಂಗಡಿಯವರು ಹೇಳಿದ ಸ್ಟೀಲ್ ಬಾಗಿಲಿಗೆ ಗೆದ್ದಲು ಹಿಡಿಯುವುದಿಲ್ಲ, ನಿಜ. ಆದರೆ ಕುಂಬಳೆಯ ಉಪ್ಪು ಗಾಳಿ ಬಿಡುತ್ತದಾ? ಪೇಂಟ್ ಒಂದು ಕಡೆ ಗೀರಿದರೆ ಸಾಕು, ಅಲ್ಲಿಂದಲೇ ತುಕ್ಕು ಶುರು.

ಕಿಟಕಿಗಳಲ್ಲಿ ಪಡುಬದಿಯ ಎರಡನ್ನು ಬದಲಿಸಲೇಬೇಕು, ಒಪ್ಪಿದೆ. ಜೂನ್ ಮಳೆ ನೇರ ಬಡಿಯುವುದು ಅಲ್ಲಿಗೇ. ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನದು, ಹಾಕಿಸುವುದಾದರೆ ಚೌಕಟ್ಟಿನ ಒಳಗೆ ಸ್ಟೀಲ್ ಪಟ್ಟಿ ಇದೆಯಾ ಅಂತ ಕೇಳಿ. ದುಡ್ಡು ಉಳಿಸಲು ಕೆಲವರು ಹಾಕುವುದಿಲ್ಲ, ಆಮೇಲೆ ಬಾಗುತ್ತದೆ. ಜಾರುವ ಕಿಟಕಿ ಬೇಡ. ಅದು ತೆರೆಯುವುದೇ ಅರ್ಧ, ಹಳಿಯಲ್ಲಿ ಕಸ ತುಂಬಿದರೆ ಮಳೆನೀರು ಒಳಗೆ ಬರುತ್ತದೆ. ಅಳತೆ ತೆಗೆಯುವವರು ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಅಳೆದು ಕಡಿಮೆ ಇದ್ದದ್ದನ್ನೇ ಹಿಡಿಯಲಿ. ಹಳೆ ಗೋಡೆ ನೇರ ಇರುವುದಿಲ್ಲ ಅಲ್ವಾ. ಕೆಳಗಿನ ದಂಡೆ ಹೊರಕ್ಕೆ ಇಳಿಜಾರು ಇರಬೇಕು, ಇದನ್ನು ನೀವೇ ನಿಂತು ನೋಡಿ.

"ನಿನ್ನ ಮನೆಯಲ್ಲಿರುವಂಥದ್ದು" ಅಂತ ಕೇಳಿದ್ದೀರಂತೆ. ಇಲ್ಲಿಯ ಕಿಟಕಿ ಭಾರೀ ಗಮ್ಮತ್ತಿನದು, ಹೌದು. ಮೂರು ಪದರ ಗಾಜು, ನಡುವೆ ಆರ್ಗಾನ್ ಗ್ಯಾಸ್. ಹಿಡಿ ಅಡ್ಡ ತಿರುಗಿಸಿದರೆ ಬಾಗಿಲಿನ ಹಾಗೆ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ತಲೆ ಒಳಕ್ಕೆ ವಾಲುತ್ತದೆ. ಅವತ್ತು ಅಮ್ಮ ವಿಡಿಯೋದಲ್ಲಿ "ಕಿಟಕಿ ಬಿತ್ತು!" ಅಂತ ಕೂಗಿದ್ದು ಇದಕ್ಕೇ. ಆದರೆ ಅದು ಬಿಸಿ ಹೊರಗೆ ಹೋಗದಂತೆ ಮಾಡಿದ್ದು, ನಮಗೆ ಬೇಕಾದದ್ದು ಗಾಳಿ. ಎಷ್ಟು ಬಿಗಿ ಅಂದರೆ ಒಳಗಿನ ತೇವ ಹೋಗದೆ ಗೋಡೆಗೆ ಬೂಷ್ಟು ಬರುತ್ತದೆ. ಹಿಮ ಬೀಳುವಾಗಲೂ ಬೆಳಿಗ್ಗೆ ಸಂಜೆ ಐದೈದು ನಿಮಿಷ ಕಿಟಕಿ ಪೂರ್ತಿ ತೆರೆದಿಡಬೇಕೆಂದು ನನ್ನ ಬಾಡಿಗೆ ಕರಾರಿನಲ್ಲೇ ಬರೆದಿದ್ದಾರೆ! ಎದುರಿನ ಬಾಗಿಲಿಗೆ ಹೊರಗಡೆ ತಿರುಗುವ ಹಿಡಿಯೇ ಇಲ್ಲ. ಕೀಲಿ ಒಳಗಿಟ್ಟು ಬಾಗಿಲು ಎಳೆದುಕೊಂಡರೆ ಮುಗಿಯಿತು, ಬೀಗ ತೆಗೆಯುವವನು ಬಂದು ಯೂರೋ ಎಣಿಸಿಕೊಂಡು ಹೋಗುತ್ತಾನೆ. ನನಗೆ ಹಾಗಾಗುವುದಿಲ್ಲ. ಕೀಲಿ ಕುತ್ತಿಗೆಗೆ ಕಟ್ಟಿಕೊಂಡೇ ತಿರುಗುತ್ತೇನೆ.

ಆಚಾರಿ ಕೆಲಸಕ್ಕೂ ಎರಡು ಕಿಟಕಿಗೂ ಬೇಕಾದ ದುಡ್ಡು ನಾಳೆಯೇ ಹಾಕುತ್ತೇನೆ. ನನಗೆ ಕಷ್ಟ ಅಂತ ಅಮ್ಮ ಯೋಚಿಸುವುದು ಬೇಡ. ಏನೂ ಕಷ್ಟವಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ನಿದ್ದೆ ಮಾಡುತ್ತೇನೆ, ಕೆಮ್ಮೂ ಹೋಗಿದೆ, ಜಾಕೆಟ್ ಎರಡಿವೆ. ನಿಜವಾಗಿಯೂ.

ವಿದ್ಯಾಳಿಗೆ ಹುಡುಗ ಇಷ್ಟವಾ ಅಂತ ಒಮ್ಮೆ ಕೇಳಿ. ಕಾಗದದಲ್ಲಿ ಆ ಸುದ್ದಿಯೇ ಇಲ್ಲ. ನಿಮ್ಮ ಬಿಪಿ ಗುಳಿಗೆ ಮರೆಯಬೇಡಿ. ಟ್ರಾಮಿಗೆ ಹೊತ್ತಾಯಿತು, ಉಳಿದದ್ದು ಆಮೇಲೆ.

ನಿಮ್ಮ
ರಘು